ಸ್ಪಿತಿ ಟೂರು: ಹಗಲು ನೋಡೋ ಜಾಗ ಎಣಿಸಬೇಡ್ರಿ, ರಾತ್ರಿ ಮಲಗೋ ಊರು ಕೇಳ್ರಿ

ಟೂರ್ ಕಂಪನಿಯ ಹೆಸರು ಈ ಬರಹದಲ್ಲಿ ಇರೋದಿಲ್ಲ. ಹೊಗಳಿದರೆ "ಎಷ್ಟು ಕಮಿಷನ್ ಬಂತು ಸಿಸ್ಟರ್" ಅಂತ ಕೇಳುವ ಮಂದಿ ನಮ್ಮಲ್ಲೇ ಇದ್ದಾರೆ. ಬೈದರೆ ಕಂಪನಿಯವರು ಫೋನ್ ಮಾಡಿ ತಲೆ ತಿನ್ನುತ್ತಾರೆ. ಅದೂ ಅಲ್ಲದೆ ಈ ಧಂದೆಯಲ್ಲಿ ಬೋರ್ಡಿನ ಮೇಲಿನ ಹೆಸರಿಗೆ ಅಂಥ ಕಿಮ್ಮತ್ತೂ ಇಲ್ಲ. ನಾವು ರೊಕ್ಕ ಕೊಟ್ಟಿದ್ದು ನಮ್ಮ ಉತ್ತರ ಕರ್ನಾಟಕದ ಕಂಪನಿಗೆ. ಅವರು ಗಾಡಿ, ರೂಮು ವಹಿಸಿದ್ದು ಶಿಮ್ಲಾದ ಇನ್ನೊಬ್ಬರಿಗೆ. ಶಿಮ್ಲಾದವರು ಹಿಮಾಚಲದ ಸ್ಪಿತಿ ಕಣಿವೆಯ ದೊಡ್ಡ ಊರಾದ ಕಾಜಾದಲ್ಲಿ ಯಾರದೋ ಮನೆ ಗೊತ್ತು ಮಾಡಿದ್ದರು. ಬೇರೆ ಬೇರೆ ಬ್ಯಾನರ್ ಕಟ್ಟಿಕೊಂಡ ಗಾಡಿಗಳು ಒಂದೇ ಮನೆಯ ಮುಂದೆ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ, ಯಾವ ಕಂಪನಿ ಅನ್ನೋದಕ್ಕಿಂತ ಏನು ಕೇಳಿ ದುಡ್ಡು ಕೊಡಬೇಕು ಅನ್ನೋದನ್ನೇ ಬರೆಯೋಣ ಅನಿಸಿತು.

ನಾನು ಲಿಂಗಸುಗೂರು, ಮಸ್ಕಿ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ನಮ್ಮನೆಯವರು ಹಟ್ಟಿ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ಇಳಿದು ಹತ್ತಿ ಸರ್ವಿಸ್ ಮುಗಿಸಿದವರು. ಜೊತೆಗೆ ಬಂದವರು ಮಗಳ ಅತ್ತೆ-ಮಾವ, ಸಿಂಧನೂರಿನವರು, ಭತ್ತದ ಗದ್ದೆಯ ಮಂದಿ. ಬೀಗರ ಜೊತೆ ಟೂರು ಹೊರಟರೆ ಒಂದು ಅನುಕೂಲ ಇದೆ: ಯಾರೂ ಸಿಟ್ಟನ್ನು ಪೂರ್ತಿ ತೋರಿಸೋ ಹಾಗಿಲ್ಲ. ಟೆಂಪೊ ಟ್ರಾವೆಲರ್‌ನಲ್ಲಿ ಉಳಿದವರು ಗದಗ, ಹುಬ್ಬಳ್ಳಿ, ಬಳ್ಳಾರಿ ಕಡೆಯವರು.

ಈ ಪ್ರವಾಸಕ್ಕೆ ನಾನು ಕಾದದ್ದು ಬಹಳ. ಔಷಧ ಕಂಪನಿಯವರು ಕೊಡುವ ಕ್ಯಾಲೆಂಡರ್ ಒಂದು ನಮ್ಮ ಡ್ಯೂಟಿ ರೂಮಿನ ಗೋಡೆ ಮೇಲಿತ್ತು. ಅದರಲ್ಲಿ ಸ್ಪಿತಿಯ ಕೀ ಅನ್ನೋ ಬೌದ್ಧ ಮಠದ ಚಿತ್ರ, ಬೋಳು ಗುಡ್ಡದ ತುದಿಗೆ ಒಂದರ ಮೇಲೊಂದು ಬಿಳಿ ಕೋಣೆಗಳು. ವರ್ಷ ಮುಗಿದರೂ ಆ ಹಾಳೆ ಕಿತ್ತಿರಲಿಲ್ಲ. ಮೊದಲು ರಜೆ ಸಿಗಲಿಲ್ಲ, ಆಮೇಲೆ ಅತ್ತೆಯವರು ಹಾಸಿಗೆ ಹಿಡಿದರು, ಮಗಳ ಬಾಣಂತನ, ಅದರ ಹಿಂದೆ ಕೋವಿಡ್. ಕೊನೆಗೆ 2023ರ ಜುಲೈಗೆ ಬುಕ್ ಮಾಡಿದರೆ ಅದೇ ತಿಂಗಳು ಹಿಮಾಚಲದಲ್ಲಿ ಮಳೆ ಹೊಡೆದು ರಸ್ತೆ, ಸೇತುವೆ ಕೊಚ್ಚಿಹೋದವು. ಚಂದ್ರತಾಲ್‌ನಲ್ಲಿ ಕೆರೆ ನೋಡಲು ಹೋದ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಹಿಮದಲ್ಲಿ ಸಿಕ್ಕಿಹಾಕಿಕೊಂಡು, ಅವರನ್ನು ಹೊರತರಲು ಸರ್ಕಾರ ಹೆಣಗಿದ್ದನ್ನು ನಾವು ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದೆವು. ಕಂಪನಿ ಟೂರು ರದ್ದು ಮಾಡಿದ್ದು ಸರಿಯೇ. ತಲೆಗೆ ಹತ್ತು ಸಾವಿರದಂತೆ ಕೊಟ್ಟ ಅಡ್ವಾನ್ಸ್ ವಾಪಸ್ ಕೊಡದೆ "ಮುಂದಿನ ಸೀಸನ್‌ಗೆ ಅಡ್ಜಸ್ಟ್ ಮಾಡ್ತೀವಿ, ರೇಟು ಹಳೇದೇ" ಅಂದರಲ್ಲ, ಅದರ ಕಥೆ ಕೊನೆಗೆ ಹೇಳುತ್ತೇನೆ. ಹೋದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಮೊದಲು ಕಂಪನಿಗೆ ಸಲ್ಲಬೇಕಾದ ಹೊಗಳಿಕೆ. ಅವರ ರೂಟ್ ಚೊಕ್ಕ ಇತ್ತು. ಬುಕ್ ಮಾಡುವ ಮೊದಲು ನಾವು ಎರಡು ಕಂಪನಿಯ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆವು. ಇನ್ನೊಂದು ಕಂಪನಿಯದು ಅಗ್ಗ, ದಿನ ಕಡಿಮೆ, ಜಾಗ ಜಾಸ್ತಿ. ದೆಹಲಿಯಿಂದ ಮನಾಲಿ, ಮನಾಲಿಯಿಂದ ಬೆಳಿಗ್ಗೆ ಹೊರಟು ಅಟಲ್ ಸುರಂಗ, ಕುಂಜುಮ್ ಪಾಸ್ ದಾಟಿ ರಾತ್ರಿಗೆ ಕಾಜಾ. ಕೇಳಲಿಕ್ಕೆ ಚಂದ. ಆದರೆ ಮನಾಲಿ ಇರೋದು 2,050 ಮೀಟರ್ ಎತ್ತರದಲ್ಲಿ, ಕಾಜಾ 3,740 ಮೀಟರ್ (ಅಲ್ಲಿನ ಪೆಟ್ರೋಲ್ ಬಂಕಿನ ಮುಂದೆ ಇದೇ ಅಂಕಿಯ ಬೋರ್ಡು ಹಾಕಿದ್ದಾರೆ, ಜಗತ್ತಿನಲ್ಲೇ ಅತಿ ಎತ್ತರದ ಬಂಕ್ ಅಂತ). ಒಂದೇ ಹಗಲಲ್ಲಿ ಸುಮಾರು 1,700 ಮೀಟರ್ ಏರಿ ಅಲ್ಲೇ ಮಲಗಬೇಕು. ರಾಯಚೂರು ಸಮುದ್ರಮಟ್ಟದಿಂದ 400 ಮೀಟರ್ ಮೇಲಿದೆ ಅಷ್ಟೇ. ಹುಟ್ಟಿದಾಗಿನಿಂದ ಇಲ್ಲಿನ ಗಾಳಿ ಕುಡಿದ ಅರವತ್ತು ದಾಟಿದ ದೇಹಕ್ಕೆ ಇದು ಸಾಹಸ ಅಲ್ಲ, ಶಿಕ್ಷೆ.

"ಅಲ್ಲಿ ಆಕ್ಸಿಜನ್ ಇರೋದಿಲ್ಲಂತ" ಅಂತ ಎಲ್ಲರೂ ಹೇಳುತ್ತಾರೆ. ಇರುತ್ತದೆ. ಗಾಳಿಯಲ್ಲಿ ಆಕ್ಸಿಜನ್ ಪಾಲು ಮಸ್ಕಿಯಲ್ಲೂ ನೂರಕ್ಕೆ ಇಪ್ಪತ್ತೊಂದು, ಕಾಜಾದಲ್ಲೂ ಇಪ್ಪತ್ತೊಂದು. ಕಡಿಮೆ ಆಗೋದು ಗಾಳಿಯ ಒತ್ತಡ. ಕಾಜಾದಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೂ ಇರೋದಿಲ್ಲ, ಹಾಗಾಗಿ ಒಂದೊಂದು ಉಸಿರಿಗೂ ಒಳಗೆ ಹೋಗೋದು ಕಮ್ಮಿ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ರಾತ್ರಿಗಳು ಬೇಕು. ವೈದ್ಯರು ಹೇಳುವ ಲೆಕ್ಕ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ನಿಲ್ಲಬೇಕು. ಹಗಲು ಎಷ್ಟು ಮೇಲೆ ಹತ್ತಿ ಇಳಿದರೂ ನಡೆಯುತ್ತದೆ, ಮಲಗೋದು ಎಲ್ಲಿ ಅನ್ನೋದೇ ಮುಖ್ಯ.

ನಮ್ಮ ಕಂಪನಿಯ ಪಟ್ಟಿಯನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿದೆ. ಶಿಮ್ಲಾ 2,200. ಅಲ್ಲಿಂದ ಸಟ್ಲೆಜ್ ನದಿ ಹಿಡಿದು ಕಿನ್ನೌರಿನ ಕಲ್ಪಾ, 2,960, ಅಲ್ಲಿ ಎರಡು ರಾತ್ರಿ. ನಾಕೋ 3,660ರಲ್ಲಿದೆ, ಅಲ್ಲಿ ಕೆರೆ ನೋಡಿ ಊಟ ಮಾಡಿ ಮುಂದೆ ಸಾಗಿ, ಮಲಗೋದು ತಾಬೋದಲ್ಲಿ, 3,280. ಆಮೇಲೆ ಕಾಜಾ. ಈ ಪಟ್ಟಿ ಮಾಡಿದವರು ಯಾರೋ ತಿಳಿದವರು, ಕಂಪನಿಯವರಂತೂ ಅಲ್ಲ. ಯಾಕೆ ಅಂದರೆ "ನಾಕೋದಲ್ಲಿ ಯಾಕ್ರಿ ಮಲಗೋದಿಲ್ಲ?" ಅಂತ ಆಫೀಸಿನ ಹುಡುಗಿಗೆ ಕೇಳಿದಾಗ "ಅಲ್ಲಿ ರೂಮ್ ಸರಿ ಇಲ್ಲ ಮೇಡಂ" ಅಂದಳು. ಉತ್ತರ ತಪ್ಪಿರಲಿ, ಪಟ್ಟಿ ಸರಿ ಇತ್ತು. ಶಿಮ್ಲಾ ಕಡೆಯಿಂದ ಹತ್ತಿ ಮನಾಲಿ ಕಡೆಗೆ ಇಳಿಯುವ ರೂಟ್ ಮಾತ್ರ ತಗೊಳ್ರಿ, ಎರಡು ದಿನ ಜಾಸ್ತಿ ಆದರೂ ಚಿಂತೆಯಿಲ್ಲ. ನಮ್ಮ ದೇಶದವರಿಗೆ ಈ ದಾರಿಗೆ ಪರ್ಮಿಟ್ ಗಿರ್ಮಿಟ್ ಏನೂ ಬೇಕಿಲ್ಲ.

ಈಗ ಬೈಗುಳ.

ಕಂಪನಿಯ ಕರಪತ್ರದಲ್ಲಿ "ಗಾಡಿಯಲ್ಲಿ ಸದಾ ಆಕ್ಸಿಜನ್ ಸೌಲಭ್ಯ" ಅಂತ ಕೆಂಪು ಅಕ್ಷರದಲ್ಲಿತ್ತು. ಕಲ್ಪಾದ ಎರಡನೇ ಬೆಳಿಗ್ಗೆ, ಉಳಿದವರೆಲ್ಲ ಕಿನ್ನರ ಕೈಲಾಸ ಶಿಖರಕ್ಕೆ ಬಿಸಿಲು ಬೀಳೋದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾಗ ನಾನು ಡ್ರೈವರ್ ತಮ್ಮನ ಹತ್ತಿರ ಹಿಂದಿನ ಡಿಕ್ಕಿ ತೆಗೆಸಿದೆ. ಸಿಲಿಂಡರ್ ಇತ್ತು, ಕಪ್ಪು ಮೈ ಬಿಳಿ ತಲೆ, ನಮ್ಮ ವಾರ್ಡಿನದೇ ನಮೂನೆ. ಫ್ಲೋ ಮೀಟರ್ ಇತ್ತು, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಮಾಸ್ಕ್ ಒಂದೇ ಒಂದು, ಅದೂ ಮಕ್ಕಳದು. ಸಿಲಿಂಡರ್ ತೆರೆಯುವ ಚಾವಿ ಇರಲಿಲ್ಲ. ಗಾಡಿಯ ಟೂಲ್ ಬಾಕ್ಸ್ ಸುರಿದು ಹುಡುಕಿದೆವು, ಇಲ್ಲ. ಚಾವಿ ಇಲ್ಲದ ಸಿಲಿಂಡರ್‌ನಿಂದ ಒಂದು ಉಸಿರೂ ಹೊರಗೆ ಬರೋದಿಲ್ಲ. ಹತ್ತು ಕಿಲೋ ಮೀರಿದ ಆ ಕಬ್ಬಿಣವನ್ನು ಗುಡ್ಡ ಹತ್ತಿಸಿ ಇಳಿಸೋದಷ್ಟೇ ಆಗುತ್ತಿತ್ತು.

ಮ್ಯಾನೇಜರ್ ಅಂತ ಕಳಿಸಿದ್ದ ಹುಡುಗ "ಇಲ್ಲಿವರೆಗೆ ಯಾವ ಟೂರಿನ್ಯಾಗೂ ಬೇಕಾಗಿಲ್ಲ ಆಂಟಿ" ಅಂದ. ನನಗೆ ಡ್ಯೂಟಿಯಲ್ಲಿದ್ದಾಗಿನ ದನಿ ಬಂತು. "ಬೇಕಾದಾಗ ಚಾವಿ ಹುಡುಕ್ಲಿಕ್ಕೆ ಹೋಗ್ತಿ ಏನು? ಇದು ಸಿಗೋತನಕ ಗಾಡಿ ಹೊರಡೋದಿಲ್ಲ" ಅಂದೆ. ನಮ್ಮನೆಯವರು ಗಣಿಯ ಮನುಷ್ಯ, ಸೇಫ್ಟಿ ವಿಷಯಕ್ಕೆ ಅವರಿಗೆ ಸಮಾಧಾನ ಅನ್ನೋದೇ ಇಲ್ಲ. ಅವರೂ ಗಾಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕೊನೆಗೆ ಡ್ರೈವರ್ ತಮ್ಮನೇ ಕೆಳಗೆ ರೆಕಾಂಗ್ ಪಿಯೋಗೆ ಹೋಗಿ ಚಾವಿ, ದೊಡ್ಡವರ ಮಾಸ್ಕು ಎರಡು ತಂದ. ಒಂದೂವರೆ ತಾಸು ತಡವಾಯಿತು. ಗದಗದ ಒಬ್ಬ ಯಜಮಾನರು ಗೊಣಗಿದರು, ಗೊಣಗಲಿ.

ಆ ಸಿಲಿಂಡರ್ ಯಾರಿಗೆ ಬೇಕಾಯಿತು ಅಂದರೆ ಅದೇ ಮ್ಯಾನೇಜರ್ ಹುಡುಗನಿಗೆ. ಕಾಜಾ ಮುಟ್ಟಿದ ಸಂಜೆ ಎಲ್ಲರ ಬ್ಯಾಗು ಹೊತ್ತು ಮೂರು ಅಂತಸ್ತು ಓಡಾಡಿದ, ನೀರು ಕುಡಿಯಲಿಲ್ಲ. ರಾತ್ರಿ ತಲೆ ಸಿಡಿತ, ವಾಂತಿ. ಪ್ರಾಯದವರಿಗೆ ಏನೂ ಆಗೋದಿಲ್ಲ ಅನ್ನೋದು ಸುಳ್ಳು, ಗಟ್ಟಿಮುಟ್ಟಾದವರೇ ಜೋರು ಮಾಡಿ ಮಲಗುತ್ತಾರೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಕ್ಸಿಜನ್ ನೂರಕ್ಕೆ 76. ಅಲ್ಲಿ ಹೊಸಬರಿಗೆ 85ರಿಂದ 90 ಸಾಮಾನ್ಯ, ನನ್ನದೇ 88 ಇತ್ತು; ನಮ್ಮೂರ ವಾರ್ಡಿನಲ್ಲಿ 88 ಅಂದರೆ ಡಾಕ್ಟರನ್ನು ಎಬ್ಬಿಸುತ್ತಿದ್ದೆವು. ಬೆರಳು ತಣ್ಣಗಿದ್ದರೂ ಮೀಟರ್ ಸುಳ್ಳು ಹೇಳುತ್ತದೆ, ಅದಕ್ಕೆ ಕೈ ಉಜ್ಜಿ ಬಿಸಿ ಮಾಡಿ ಮತ್ತೆ ನೋಡಿದೆ, 77. ಆಕ್ಸಿಜನ್ ಹಚ್ಚಿ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಡ್ಯೂಟಿ ಸಿಸ್ಟರ್ ನನ್ನ ಮಾತು ಪೂರ್ತಿ ಕೇಳುವ ಮೊದಲೇ ಹಾಸಿಗೆ ತೋರಿಸಿದಳು, ಇಂಥವರು ಆಕೆಗೆ ದಿನಾ ಬರುತ್ತಾರೆ. ಮರುದಿನ ಅವನನ್ನು ಮೇಲಿನ ಹಳ್ಳಿಗಳಿಗೆ ಬರಗೊಡಲಿಲ್ಲ. ಮ್ಯಾನೇಜರ್ ಇಲ್ಲದ ಆ ದಿನ ಟೂರು ಎಲ್ಲ ದಿನಕ್ಕಿಂತ ಚೊಲೋ ನಡೆಯಿತು, ಅದು ಡ್ರೈವರ್‌ನ ಪುಣ್ಯ.

ಎತ್ತರದ ಕಾಯಿಲೆ ಬಾರದಿರಲಿ ಅಂತ ತಗೊಳ್ಳುವ ಡಯಾಮಾಕ್ಸ್ ಗುಳಿಗೆ ಬಗ್ಗೆ ಒಂದು ಮಾತು. ಕಂಪನಿಯವರು ವಾಟ್ಸಾಪ್ ಗುಂಪಿನಲ್ಲಿ "ಎಲ್ಲರೂ ತಗೊಂಡು ಬನ್ನಿ" ಅಂತ ಹಾಕಿದ್ದರು. ಹಾಗೆ ಎಲ್ಲರಿಗೂ ಹೇಳುವ ಗುಳಿಗೆ ಅಲ್ಲ ಅದು. ನಮ್ಮ ಬೀಗತಿಗೆ ಸಲ್ಫಾ ಔಷಧಿ ಆಗಿಬರೋದಿಲ್ಲ, ಅದಕ್ಕೇ ಡಾಕ್ಟರು ಬೇಡ ಅಂದರು. ನಿಮ್ಮ ಡಾಕ್ಟರಿಗೆ ತೋರಿಸಿ, ಬಿಪಿ-ಶುಗರ್ ಗುಳಿಗೆ ಚೀಟಿ ಜೊತೆಗಿಟ್ಟುಕೊಂಡು ಕೇಳ್ರಿ. ತಗೊಂಡವರಿಗೆ ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಪದೇ ಪದೇ ಬರುತ್ತದೆ. ಈ ಎರಡನೇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ ದಾರಿಯಲ್ಲಿ ಹೆಣ್ಣುಮಕ್ಕಳಿಗೆ ಹೋಗಲಿಕ್ಕೆ ಜಾಗವೇ ಇಲ್ಲ. ಮರ ಇಲ್ಲ, ಪೊದೆ ಇಲ್ಲ, ಒಂದು ಕಡೆ ಬೋಳು ಗುಡ್ಡ, ಇನ್ನೊಂದು ಕಡೆ ಪ್ರಪಾತ. ಕಂಪನಿಯವರು ಎಲ್ಲಿ ಚಹಾ, ಎಲ್ಲಿ ಫೋಟೋ ಅಂತ ಬರೆದಿದ್ದರೇ ಹೊರತು ಎಲ್ಲಿ ಪಾಯಿಖಾನೆ ಅಂತ ಒಂದು ಗೆರೆ ಇರಲಿಲ್ಲ. ನಾವು ಹೆಂಗಸರು ಸೀರೆ ಅಡ್ಡ ಹಿಡಿದು ಕೆಲಸ ಸಾಗಿಸಿದೆವು. ಬುಕ್ ಮಾಡುವಾಗ ನಾಚಿಕೊಳ್ಳದೆ ಕೇಳ್ರಿ.

ಮೇಲಿನ ಹಳ್ಳಿಗಳ ಮನೆಗಳಲ್ಲಿ ಒಣ ಪಾಯಿಖಾನೆ. ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣು-ಬೂದಿಯ ಗುಡ್ಡೆ, ಒಂದು ಸಲಿಕೆ. ಹೋಗಿ ಬಂದ ಮೇಲೆ ಒಂದು ಸಲಿಕೆ ಮಣ್ಣು ಹಾಕಬೇಕು. ವಾಸನೆ ಇರೋದಿಲ್ಲ, ನೀರು ಬೇಕಿಲ್ಲ, ಚಳಿಗೆ ಪೈಪು ಹೆಪ್ಪುಗಟ್ಟುವ ತಂಟೆಯಿಲ್ಲ. ವರ್ಷಕ್ಕೊಮ್ಮೆ ಅದೇ ಗೊಬ್ಬರ ಹೊಲಕ್ಕೆ. ಹುಬ್ಬಳ್ಳಿಯ ಹುಡುಗಿಯರು ಮೂಗು ಮುರಿದರು. ನಮ್ಮ ಬೀಗರು ಮಾತ್ರ ಕೆಳಗಿನ ಕೋಣೆ ತೆಗೆಸಿ ಗೊಬ್ಬರ ನೋಡಿ ಬಂದರು. ಅವರಿಗೆ ಮಠಕ್ಕಿಂತ ಹೊಲವೇ ಹೆಚ್ಚು ಹಿಡಿಸಿತು. ಬಟಾಣಿ ಕಿತ್ತು ಮುಗಿಯುತ್ತಾ ಬಂದಿತ್ತು, ಜವೆಗೋಧಿ ಹೊಂಬಣ್ಣಕ್ಕೆ ತಿರುಗಿತ್ತು. ಹಿಮ ಕರಗಿದ ನೀರನ್ನು ಮೈಲಿಗಟ್ಟಲೆ ಸಣ್ಣ ಕಾಲುವೆಯಲ್ಲಿ ತಂದು ಸರದಿ ಪ್ರಕಾರ ಬಿಡುತ್ತಾರೆ, ಅದಕ್ಕೆ ಕುಹ್ಲ್ ಅಂತಾರೆ. "ನಮ್ಮ ಎಡದಂಡೆ ಕಾಲುವೆ ಕೊನೀ ಭಾಗಕ್ಕ ನೀರು ಬರೋದಿಲ್ಲ, ಇಲ್ಲಿ ಬರ್ತದ ನೋಡ್ರಿ" ಅಂತ ಅವರು ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ತಾಬೋ ವಿಷಯಕ್ಕೆ ಕಂಪನಿಯ ಮೇಲೆ ನನಗೆ ನಿಜವಾಗಲೂ ಸಿಟ್ಟು ಬಂತು. ಪಟ್ಟಿಯಲ್ಲಿ ತಾಬೋ ಮಠಕ್ಕೆ ಕೊಟ್ಟ ಸಮಯ ನಲವತ್ತೈದು ನಿಮಿಷ. ಚಿಚಮ್ ಸೇತುವೆ ಮೇಲೆ ನಿಂತು ಸೆಲ್ಫಿ ತಗೊಳ್ಳಲಿಕ್ಕೆ ಒಂದು ತಾಸು. ತಾಬೋ ಕಟ್ಟಿದ್ದು 996ರಲ್ಲಿ. ಪಶ್ಚಿಮ ಟಿಬೆಟಿನ ಗುಗೆ ರಾಜ್ಯದ ರಾಜ ಯೇಷೆ ಓ ಕಟ್ಟಿಸಿದ್ದು, ಭಾರತದ ಗ್ರಂಥಗಳನ್ನು ಟಿಬೆಟನ್ನಿಗೆ ತಂದ ರಿಂಚೆನ್ ಜಾಂಗ್ಪೋ ಅವರ ಹೆಸರೂ ಅದರ ಜೊತೆ ಕೂಡಿಕೊಂಡಿದೆ. ಹೊರಗಿನಿಂದ ನೋಡಿದರೆ ಬರೀ ಮಣ್ಣಿನ ಗೋಡೆ, ಮಾಳಿಗೆ ಮನೆಗಳು, ನಮ್ಮ ಕಡೆಯ ಹಳೇ ವಾಡೆಗಳ ಹಿತ್ತಲಿದ್ದಂತೆ. ಫೋಟೋಗೆ ಬಂದವರಿಗೆ ಅಲ್ಲಿ ಏನೂ ಕಾಣೋದಿಲ್ಲ, ಒಳಗೆ ಫೋಟೋ ತೆಗೆಯಲಿಕ್ಕೆ ಬಿಡೋದೂ ಇಲ್ಲ. ನಲವತ್ತೈದು ನಿಮಿಷ ಅಂತ ಹಾಕಿದ್ದಕ್ಕೆ ಕಾರಣ ಅದೇ ಇರಬೇಕು.

ನಾವು ನಾಲ್ವರು ಗಾಡಿ ಇಳಿದು "ನೀವು ಮಾರ್ಕೆಟ್ ತಿರುಗಿ ಬರ್ರಿ" ಅಂದೆವು. ರಾತ್ರಿ ಹೇಗೂ ತಾಬೋದಲ್ಲೇ ಇತ್ತು, ಅವಸರ ಯಾಕೆ? ಬೂಟು ಬಿಚ್ಚಿ ಒಳಗೆ ಹೋದರೆ ಮೊದಲು ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಿಂದ ಒಂದೊಂದೇ ಮೈ ಮುಂದಕ್ಕೆ ಬರುತ್ತದೆ. ಆಳೆತ್ತರಕ್ಕಿಂತ ಮೇಲೆ, ಗೋಡೆಗೇ ಅಂಟಿಕೊಂಡು ಕೂತ ಮಣ್ಣಿನ ಮೂರ್ತಿಗಳು, ಸುತ್ತ ಮೂವತ್ತಕ್ಕೂ ಹೆಚ್ಚು, ಎಲ್ಲವೂ ಬಣ್ಣ ಬಳಿದವು. ನಟ್ಟನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ವೈರೋಚನ ಬುದ್ಧ. ಕೋಣೆಯೇ ಒಂದು ಮಂಡಲ, ನಾವು ಅದರೊಳಗೆ ನಡೆಯುತ್ತಿದ್ದೇವೆ ಅಂತ ಲಾಮಾ ಟಾರ್ಚ್ ಹಿಡಿದು ಹಿಂದಿಯಲ್ಲಿ ಹೇಳಿದರು. ಮೂರ್ತಿಗಳ ಕೆಳಗೆ ಗೋಡೆ ತುಂಬ ಬುದ್ಧನ ಬದುಕಿನ ಚಿತ್ರಗಳು. ಟಾರ್ಚ್ ಬೆಳಕು ಒಂದು ಮೂರ್ತಿಯ ಕೈ ಮೇಲೆ ನಿಂತಾಗ ನೋಡಿದೆ: ಬೆರಳಿನ ಗಿಣ್ಣು, ಉಗುರಿನ ಬುಡ, ಅಂಗೈಯ ಗೆರೆ, ಎಲ್ಲವನ್ನೂ ಹಸಿಮಣ್ಣಲ್ಲಿ ತಿದ್ದಿದ್ದಾರೆ. ಕೈ ಹಿಡಿದು ನಾಡಿ ನೋಡಿದ ಕೆಲಸ ನನ್ನದು, ಅಂಥ ಕೈ ಮಾಡಿದವನು ಮನುಷ್ಯರ ಕೈ ಚೆನ್ನಾಗಿ ನೋಡಿದವನು ಅಂತ ನನಗೆ ಗೊತ್ತಾಗುತ್ತದೆ. 1975ರ ಭೂಕಂಪದಲ್ಲಿ ಇಡೀ ಭಾಗ ಅಲುಗಾಡಿದಾಗ ಈ ಮಠಕ್ಕೂ ಪೆಟ್ಟಾಯಿತು, ಆದರೂ ಮಣ್ಣು ನಿಂತಿದೆ. ಮಳೆ ಕಡಿಮೆ ಇರುವ ನಾಡು, ಅದಕ್ಕೇ ಉಳಿದಿದೆ.

ಲಾಮಾ ಯಾವ ಊರು ಅಂತ ಕೇಳಿದರು. ನಮ್ಮನೆಯವರಿಗೆ ಇಂಥ ಪ್ರಶ್ನೆ ಸಿಕ್ಕರೆ ಸಾಕು. ಮಸ್ಕಿ, ಅಲ್ಲಿ ಬಂಡೆ ಮೇಲೆ ಅಶೋಕನ ಶಾಸನ ಇದೆ, ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನೋ ಇಂಜಿನಿಯರ್ ಕಣ್ಣಿಗೆ 1915ರಲ್ಲಿ ಬಿದ್ದದ್ದು, ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ 'ದೇವಾನಂಪ್ರಿಯ' ಅಂತ ಇತ್ತೇ ಹೊರತು ಆ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ನಮ್ಮೂರ ಬಂಡೆ ಅಂತ ಪೂರ್ತಿ ವರದಿ ಒಪ್ಪಿಸಿದರು. ಎರಡೂವರೆ ವರ್ಷಕ್ಕೂ ಮೇಲಾಯಿತು ನಾನು ಬುದ್ಧನ ಉಪಾಸಕನಾಗಿ ಅಂತ ಅಶೋಕ ಅದರಲ್ಲಿ ಹೇಳಿಕೊಂಡಿದ್ದಾನೆ. ತಾಬೋ ಕಟ್ಟುವುದಕ್ಕೆ ಸಾವಿರದ ಇನ್ನೂರು ವರ್ಷ ಮೊದಲಿನ ಮಾತು. ಲಾಮಾ ನಗುತ್ತಾ ಕೇಳಿಸಿಕೊಂಡು, ಹಾಗಾದರೆ ನಿಮ್ಮೂರಿಂದ ಇಲ್ಲಿಗೆ ಬರಲಿಕ್ಕೆ ಧರ್ಮಕ್ಕೂ ಬಹಳ ಹೊತ್ತು ಹಿಡಿಯಿತು ಅಂದರು. ನಮ್ಮನೆಯವರು ಕರ್ನಾಟಕ ಎಕ್ಸ್‌ಪ್ರೆಸ್ ಲೇಟಾದ ಕಥೆಯನ್ನೂ ಹೇಳಲಿಕ್ಕೆ ಹೊರಟಿದ್ದರು, ನಾನು ಎಳೆದುಕೊಂಡು ಬಂದೆ.

ಊಟದ ವಿಷಯ. "ಪ್ರವಾಸದುದ್ದಕ್ಕೂ ನಮ್ಮದೇ ಅಡುಗೆಯವರಿಂದ ನಮ್ಮ ಊಟ" ಅಂತ ಮಾತು ಕೊಟ್ಟಿದ್ದರು, ಅಡುಗೆಯವರು ಬಂದಿದ್ದೂ ನಿಜ. ಕಲ್ಪಾವರೆಗೆ ಅನ್ನ, ಸಾರು, ಪಲ್ಯ ಬೆರಳು ನೆಕ್ಕುವ ಹಾಗಿತ್ತು. ಕಾಜಾದಲ್ಲಿ ಕೆಟ್ಟಿತು. ಆ ಎತ್ತರದಲ್ಲಿ ನೀರು 87-88 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿ ಏರೋದಿಲ್ಲ. ತೆರೆದ ಪಾತ್ರೆಯಲ್ಲಿ ಅಕ್ಕಿ ಹಾಕಿದರೆ ಹೊರಗೆ ಗಂಜಿ, ಒಳಗೆ ಕಾಳು. ಹನ್ನೆರಡು ಜನಕ್ಕೆ ಅಡುಗೆ ಮಾಡುವವರು ಕುಕ್ಕರ್ ಇಲ್ಲದೆ ಅಷ್ಟು ಮೇಲೆ ಬಂದಿದ್ದರು! ನಮ್ಮ ಬೀಗರು ತಟ್ಟೆ ಮುಂದೆ ಕೂತು ಒಂದು ಅಗುಳು ಹಿಚುಕಿ ನೋಡಿ, "ಸೋನಾಮಸೂರಿಗೆ ಇಂಥಾ ಗತಿ ಬರಬಾರದಿತ್ತು" ಅಂದು ಎದ್ದರು. ಬೇಳೆ ಬಗ್ಗೆ ಹೇಳೋದೇ ಬೇಡ.

ಮನೆಯೊಡತಿ ತನ್ನ ಕುಕ್ಕರ್ ಕೊಟ್ಟಳು, ಆಮೇಲೆ ಸರಿಯಾಯಿತು. ಆದರೆ ಅಷ್ಟರಲ್ಲಿ ನಾವು ಆಕೆಯ ಅಡುಗೆಗೆ ಒಗ್ಗಿಬಿಟ್ಟಿದ್ದೆವು. ಥುಕ್ಪಾ ಅಂತ ತರಕಾರಿ ಹಾಕಿದ ಬಿಸಿ ಶಾವಿಗೆ ಸಾರು, ಹಬೆಯಲ್ಲಿ ಬೇಯಿಸಿದ ಟಿಂಗ್ಮೋ ಅನ್ನೋ ಹಿಟ್ಟಿನ ಬನ್ನು, ಆಲೂಗಡ್ಡೆ-ಬಟಾಣಿ. ಬೆಣ್ಣೆ ಚಹಾ ಉಪ್ಪು ಇರುತ್ತದೆ, ಚಹಾ ಅಂದುಕೊಂಡು ಕುಡಿದರೆ ಬಾಯಿ ಕೆಡುತ್ತದೆ, ಸಾರು ಅಂದುಕೊಂಡರೆ ಒಳಗಿಳಿಯುತ್ತದೆ. ನಾವು ಒಯ್ದ ಕಡಕ್ ರೊಟ್ಟಿ ಅಲ್ಲಿನ ಒಣ ಹವೆಗೆ ಊರಲ್ಲಿಗಿಂತ ಗರಿಗರಿ ಉಳಿದಿತ್ತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಸೀಲು ಮಾಡಿ ಒಯ್ಯಬೇಡ್ರಿ, ಮೇಲೆ ಹೋದಂತೆ ಉಬ್ಬಿ ಒಡೆಯುತ್ತವೆ. ಬೀಗತಿಯ ಸ್ವೆಟರ್ ತುಂಬ ಗುರೆಳ್ಳು ಆಗಿತ್ತು. ಡಬ್ಬಿಯಲ್ಲಿ ಒಯ್ಯಿರಿ. ಮನೆಯೊಡತಿ ರೊಟ್ಟಿ ಮುರಿದು ಬೆಣ್ಣೆ ಚಹಾದಲ್ಲಿ ನೆನೆಸಿ, ಮೇಲೆ ಹಿಂಡಿ ಉದುರಿಸಿಕೊಂಡು ತಿಂದಳು. ನಾವೂ ತಿಂದೆವು. ಈಗ ಬೀಗರು ಮನೆಯಲ್ಲಿ ಹಾಗೆ ತಿನ್ನುತ್ತಾರೋ ಇಲ್ಲವೋ ಗೊತ್ತಿಲ್ಲ, ಅಲ್ಲಿ ಮೂರು ಬಟ್ಟಲು ಇಳಿಸಿದರು.

ಕೀ ಮಠ 4,166 ಮೀಟರ್. ಕಾಜಾದಲ್ಲಿ ಎರಡು ರಾತ್ರಿ ಕಳೆದ ಮೇಲೆ ಹೋದದ್ದರಿಂದ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಿದೆವೇ ಹೊರತು ಯಾರಿಗೂ ತೊಂದರೆ ಆಗಲಿಲ್ಲ. ಕ್ಯಾಲೆಂಡರಿನಲ್ಲಿ ಕಂಡಿದ್ದಕ್ಕಿಂತ ಒಳಗೆ ಇಕ್ಕಟ್ಟು, ಓಣಿಗಳು, ತಗ್ಗು ಬಾಗಿಲುಗಳು, ಹೊಗೆ ಹಿಡಿದ ತೊಲೆಗಳು. ಅಡುಗೆಮನೆಯಲ್ಲಿ ಬಂದವರಿಗೆಲ್ಲ ಬಿಸಿ ಚಹಾ ಕೊಡುತ್ತಾರೆ. ನಾವು ನಮ್ಮಲ್ಲೇ ಮಾತಾಡಿಕೊಂಡು ಕುಡಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಕರ್ನಾಟಕದಾಗ ಯಾವ ಊರ್ರೀ ನಿಮ್ದು?" ನೋಡಿದರೆ ಒಬ್ಬ ಲಾಮಾ, ನಡುವಯಸ್ಸು, ಕೈಯಲ್ಲಿ ಕೆಟಲ್.

ಮುಂಡಗೋಡದಲ್ಲಿ ಓದಿದವರಂತೆ. ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ನೆಲೆ ಇದೆ, ಡ್ರೆಪುಂಗ್, ಗಾಂಡೆನ್ ಅನ್ನೋ ದೊಡ್ಡ ವಿದ್ಯಾಪೀಠಗಳನ್ನು ಅಲ್ಲೇ ಮತ್ತೆ ಕಟ್ಟಿಕೊಂಡಿದ್ದಾರೆ. ಕೀ ಮಠವೂ ಟಿಬೆಟನ್ ಬೌದ್ಧರ ಅದೇ ಗೆಲುಗ್ ಪಂಥದ್ದು, ಹಾಗಾಗಿ ಇಲ್ಲಿನ ಹುಡುಗರು ಅಲ್ಲಿಗೆ ಓದಲಿಕ್ಕೆ ಹೋಗುತ್ತಾರೆ. ನಮ್ಮ ಬೀಗರು ಖುಷಿಗೆ ಎರಡೂ ಕೈ ಹಿಡಿದುಕೊಂಡರು. "ಅಲ್ಲಿ ಸೆಕಿ ತಡಕೊಂಡ್ರೇನ್ರಿ ಅಜ್ಜಾರ?" ಅಂತ ಕೇಳಿದರೆ, "ಮುಂಡಗೋಡ ಆಗ್ತದ, ಹುಬ್ಬಳ್ಳಿ ಭಾಳ ಆತು. ರಾಯಚೂರು ಹೆಸರು ಕೇಳಿದ್ರ ಹೆದರಿಕಿ" ಅಂದರು. ಬಸ್ ಸ್ಟ್ಯಾಂಡ್ ಹತ್ತಿರದ ಗಿರಮಿಟ್ ನೆನಪಿಸಿಕೊಂಡರು. ನಮ್ಮ ಹತ್ತಿರ ಉಳಿದಿದ್ದ ರೊಟ್ಟಿ, ಹಿಂಡಿ ಎಲ್ಲ ಅವರ ಅಡುಗೆಮನೆಯಲ್ಲೇ ಬಿಟ್ಟು ಬಂದೆವು. ಕಂಪನಿಯ ಪಟ್ಟಿಯಲ್ಲಿ ಇದು ಇರಲಿಲ್ಲ, ಹಾಗಾಗಿ ಇದಕ್ಕೆ ಅವರಿಗೆ ಅಂಕವೂ ಇಲ್ಲ.

ಉಳಿದ ಜಾಗ ಬೇಗ ಹೇಳಿಬಿಡುತ್ತೇನೆ. ಹಿಕ್ಕಿಮ್‌ನಲ್ಲಿ 1983ರಲ್ಲಿ ತೆರೆದ ಅಂಚೆ ಕಚೇರಿ, 4,400 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೊಮ್ಮಗಳಿಗೆ ಕಾರ್ಡ್ ಹಾಕಿದೆ, ನಾವು ಊರು ಸೇರಿ ಎಷ್ಟೋ ದಿನದ ಮೇಲೆ ಅದೂ ಸೇರಿತು. ಕೋಮಿಕ್‌ನಲ್ಲಿ 'ಗಾಡಿ ಹೋಗುವ ಅತಿ ಎತ್ತರದ ಹಳ್ಳಿ' ಅನ್ನೋ ಬೋರ್ಡಿನ ಮುಂದೆ ಫೋಟೋಗೆ ಸರದಿ, ಅಷ್ಟೇ. ಲಾಂಗ್ಜಾದಲ್ಲಿ ದೊಡ್ಡ ಬುದ್ಧನ ಮೂರ್ತಿಗಿಂತ ನಮ್ಮನೆಯವರಿಗೆ ಕಲ್ಲಿನ ಹುಚ್ಚು ಹಿಡಿಯಿತು. ಟೆಥಿಸ್ ಅನ್ನೋ ಸಮುದ್ರ ಇದ್ದ ಜಾಗ ಮೇಲೆದ್ದು ಹಿಮಾಲಯ ಆದದ್ದು, ಅದಕ್ಕೇ ಅಲ್ಲಿ ಸುರುಳಿ ಚಿಪ್ಪಿನ ಅಮೋನೈಟ್ ಕಲ್ಲುಗಳು ಸಿಗುತ್ತವೆ. ಹುಡುಗರು ಮಾರಲಿಕ್ಕೆ ಬರುತ್ತಾರೆ, ಕೊಳ್ಳಬೇಡ್ರಿ; ಕೊಂಡಷ್ಟೂ ಗುಡ್ಡ ಅಗೆಯುತ್ತಾರೆ. "ಹಿಮಾಲಯ ಕೂಸು, ನಮ್ಮ ಹಟ್ಟಿ ಕಲ್ಲಿಗೆ 250 ಕೋಟಿ ವರ್ಷ ದಾಟ್ಯಾವ" ಅಂತ ನಮ್ಮನೆಯವರು ಆ ಹುಡುಗರಿಗೇ ಹಿಂದಿಯಲ್ಲಿ ಪಾಠ ಮಾಡಿದರು. ಢಂಕರ್‌ನಲ್ಲಿ ಪಿನ್ ನದಿ ಬಂದು ಸ್ಪಿತಿಗೆ ಸೇರೋದನ್ನು ಮೇಲಿನಿಂದ ನೋಡುವುದಕ್ಕೆ ಇನ್ನೊಂದು ತಾಸು ಕೊಟ್ಟಿದ್ದರೆ ಚೆನ್ನಾಗಿತ್ತು.

ಚಂದ್ರತಾಲ್‌ನ ಟೆಂಟ್ ರಾತ್ರಿ ನಮ್ಮ ವಯಸ್ಸಿನವರಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಕೆರೆ ಇರೋದು 4,200 ಮೀಟರಿಗೂ ಮೇಲೆ, ನೀರಿನ ಬಣ್ಣ ಗಂಟೆಗೊಮ್ಮೆ ಬೇರೆ. ಕಾಪಾಡಬೇಕಾದ ಕೆರೆ-ಜೌಗುಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ 2005ರಲ್ಲಿ ಸೇರಿದ್ದರಿಂದ ದಂಡೆಯಲ್ಲಿ ಟೆಂಟ್ ಹಾಕುವ ಹಾಗಿಲ್ಲ, ಕ್ಯಾಂಪು ದೂರದಲ್ಲಿ. ಗಾಡಿ ನಿಂತ ಮೇಲೂ ಕೆರೆಗೆ ನಡೆಯಬೇಕು. ಆ ಕಾಯಿದೆ ಸರಿಯೇ. ಆದರೆ ರಾತ್ರಿಯಿಡೀ ಚಳಿ, ಫೋನ್ ಇಲ್ಲ, ಯಾರಿಗಾದರೂ ಏನಾದರೂ ಆದರೆ ಆಸ್ಪತ್ರೆಗೆ ಹೋಗಲಿಕ್ಕೆ ತಾಸುಗಟ್ಟಲೆ ಕೆಟ್ಟ ರಸ್ತೆ. ಬೀಗತಿ ತಲೆನೋವಿಗೆ ನಿದ್ದೆ ಮಾಡಲಿಲ್ಲ, ನಾನು ಆಕೆಯ ಉಸಿರು ಎಣಿಸುತ್ತಾ ನಿದ್ದೆ ಮಾಡಲಿಲ್ಲ. ಕಾಜಾದಿಂದ ಬೆಳಗಿನ ಜಾವ ಹೊರಟು ಕೆರೆ ನೋಡಿಕೊಂಡು ಅದೇ ದಿನ ಕೆಳಗಿಳಿಯುವ ಹಾಗೆ ಕಂಪನಿಯವರಿಗೆ ಹೇಳಿ ಬದಲಿಸಿಕೊಳ್ರಿ. ಕೆರೆಯಿಂದ ಮನಾಲಿ ಕಡೆ ಇಳಿಯುವಾಗ ಬಾತಲ್‌ನಿಂದ ಗ್ರಾಂಫೂವರೆಗಿನ ರಸ್ತೆಗೆ ರಸ್ತೆ ಅನ್ನೋದು ಮರ್ಯಾದೆಗೆ; ಹೊಳೆಯೊಳಗೇ ಗಾಡಿ ಹೋಗುತ್ತದೆ. ಕಾಜಾದಿಂದ ಮುಂದೆ ದೊಡ್ಡ ಗಾಡಿ ಬಿಟ್ಟು ಎರಡು ಸುಮೋ ಮಾಡಿದ್ದು ಕಂಪನಿಯ ಇನ್ನೊಂದು ಒಳ್ಳೆಯ ಕೆಲಸ. ಆಮೇಲೆ 9 ಕಿಲೋಮೀಟರಿನ ಅಟಲ್ ಸುರಂಗ ದಾಟಿದರೆ ಒಮ್ಮೆಲೇ ಹಸಿರು. ಸುರಂಗದ ಗಾಳಿ ವ್ಯವಸ್ಥೆ ಬಗ್ಗೆ ನಮ್ಮನೆಯವರು ಮನಾಲಿವರೆಗೂ ಮಾತಾಡಿದರು.

ಐದಕ್ಕೆ ಎಷ್ಟು ಸ್ಟಾರ್ ಅಂದರೆ ರೂಟಿಗೆ ಐದು, ಡ್ರೈವರ್‌ಗಳಿಗೆ ಐದು, ರೂಮಿಗೆ ಮೂರು (ಬಿಸಿನೀರು ಬಕೆಟ್ ಲೆಕ್ಕದಲ್ಲಿ, ಕೇಳಿದಾಗ ಕೊಟ್ಟರು), ಅಡುಗೆಗೆ ಎರಡು, ಸುರಕ್ಷತೆಗೆ ಒಂದು. ಆ ಒಂದೂ ಸಿಲಿಂಡರ್ ತಂದದ್ದಕ್ಕೆ. ದುಡ್ಡು ಕೊಡುವ ಮೊದಲು ಕೇಳಬೇಕಾದ್ದು ಮೂರೇ: ಪ್ರತಿ ರಾತ್ರಿ ಮಲಗುವ ಊರಿನ ಎತ್ತರ ಬರೆದು ಕೊಡ್ರಿ, ಸಿಲಿಂಡರ್ ತೆರೆದು ತೋರಿಸ್ರಿ, ಯಾರಿಗಾದರೂ ಆರಾಮ ತಪ್ಪಿದರೆ ಕೆಳಗೆ ಒಯ್ಯಲು ಬೇರೆ ಗಾಡಿ ಯಾರದು ಹೇಳ್ರಿ. ಇದಕ್ಕೆ ಉತ್ತರ ಕೊಡದೆ "ಏನೂ ಆಗೋದಿಲ್ಲ ಮೇಡಂ" ಅಂದರೆ ಮುಂದಿನ ಕಂಪನಿಗೆ ಫೋನ್ ಹಚ್ಚಿರಿ.

ಇನ್ನು ರೊಕ್ಕದ ಕಥೆ. 2023ರಲ್ಲಿ ಹೇಳಿದ ರೇಟು ದೆಹಲಿಯಿಂದ ದೆಹಲಿಗೆ ತಲೆಗೆ 31,000. ಹಳೇ ರೇಟಿಗೇ ಕರೆದೊಯ್ಯುತ್ತೇವೆ ಅಂದದ್ದು ನಮ್ಮನೆಯವರ ವಾಟ್ಸಾಪ್‌ನಲ್ಲಿ ಅವರದೇ ದನಿಯಲ್ಲಿದೆ. ಹೊರಡುವ ವಾರ 36,500 ಕಟ್ಟಿಸಿಕೊಂಡು, ವ್ಯತ್ಯಾಸ ಟೂರು ಮುಗಿದ ಮೇಲೆ ಖಾತೆಗೆ ಹಾಕುತ್ತೇವೆ ಅಂದರು. ನಾಲ್ವರದು ಸೇರಿ 22,000. ಸಾಹೇಬರು ಲಡಾಖ್‌ಗೆ ಹೋಗಿದ್ದಾರೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಸಾಹೇಬರು ಬರುವ ಸೋಮವಾರ ಹಾಕುತ್ತಾರೆ. ಪ್ರತಿ ಸೋಮವಾರ ಹತ್ತು ಗಂಟೆಗೆ ನಾನು ಫೋನ್ ಮಾಡುತ್ತೇನೆ, ಆಫೀಸಿನ ಹುಡುಗಿ ಈಗ ನನ್ನ ನಂಬರ್ ನೋಡಿ "ನಮಸ್ಕಾರ ಸಿಸ್ಟರ್" ಅಂತಲೇ ಎತ್ತುತ್ತಾಳೆ. ಬಂದರೆ ಇಲ್ಲೇ ಬರೆಯುತ್ತೇನೆ.